ಮೊದಲು ನೀರು ಕೇಳುತ್ತಿದ್ದವರು

ಅವರಿಗೆ ಶಾಲು ಹೊದಿಸಿದ ಫೋಟೊ ನನ್ನ ಫೋನಿಗೆ ಬಂದಾಗ ನಾನು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದೆ. ನಮ್ಮ ಕಡೆ ಇದಕ್ಕೆ ತುಂಬು ಬಿಡಿಸುವುದು ಅನ್ನುತ್ತಾರೆ. ಬೆಳಿಗ್ಗೆ ಬ್ಯಾಡಗಿಯಿಂದ ಟೆಂಪೋದಲ್ಲಿ ಚೀಲ ಬಂದು ಮನೆ ಮುಂದೆ ಬೀಳುತ್ತದೆ, ಸಂಜೆ ಅದೇ ಟೆಂಪೋ ಬಿಡಿಸಿದ ಕಾಯಿ ತುಂಬಿಕೊಂಡು ಹೋಗುತ್ತದೆ. ಕೈ ತೊಳೆಯದೆ ಫೋನು ಮುಟ್ಟಬಾರದು ಎಂದು ಗೊತ್ತಿದ್ದೂ ಮುಟ್ಟಿದೆ. ಹಳೆಯ ಕಚೇರಿಯ ಗೆಳತಿಯೊಬ್ಬಳು ಕಳಿಸಿದ್ದಳು. ಪೇಟ, ಹಾರ, ಹಣ್ಣಿನ ಬುಟ್ಟಿ, ನಿವೃತ್ತಿಯ ಸಮಾರಂಭಕ್ಕೆ ಬೇಕಾದದ್ದೆಲ್ಲ ಇತ್ತು. ಹಿಂದಿನ ಬ್ಯಾನರಿನಲ್ಲಿ 'ಮನೆಮನೆಯ ಬಾಗಿಲಿಗೆ ನಡೆದು ಹೋದವರು' ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಓದಿ ಮೊದಲು ನಗು ಬಂತು, ಆಮೇಲೆ ಕಣ್ಣು ಉರಿಯಿತು. ಮೆಣಸಿನಕಾಯಿಯ ಕೈಯಲ್ಲಿ ಕಣ್ಣೊರೆಸಿಕೊಂಡೆ, ಅದಕ್ಕೇ ಉರಿ ಎಂದು ಅವ್ವನಿಗೆ ಹೇಳಿದೆ.

ಅವರದು ಜನರ ಕೆಲಸದ ಬಗ್ಗೆ ಕೇಳುವ ಕೆಲಸ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳಲ್ಲಿ ಯಾರಿಗೆ ಕೆಲಸ ಇದೆ, ಯಾರಿಗೆ ಇಲ್ಲ, ಇದ್ದವರ ಕೈಗೆ ಕೂಲಿ ಎಷ್ಟು ಬೀಳುತ್ತದೆ ಎಂದು ಮನೆಮನೆಗೆ ಹೋಗಿ ಕೇಳಿ ಫಾರಂ ತುಂಬುವುದು. ಹಳ್ಳಿಗಳಲ್ಲಿ ಅವರನ್ನು 'ಕೇಳೋ ಮಾಸ್ತರು' ಅನ್ನುತ್ತಿದ್ದರು. ಅವರು ಖಾಯಂ ನೌಕರರು, ನಾನು ಗುತ್ತಿಗೆಯವಳು. ವರ್ಷಕ್ಕೊಮ್ಮೆ ನನ್ನ ಕೆಲಸ ಮುಗಿದು ಮತ್ತೆ ಹುಟ್ಟಬೇಕಿತ್ತು. ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದವಳಿಗೆ ಅದೇ ದೊಡ್ಡದು. ಮೊದಲ ದಿನ ಕಚೇರಿಯ ಮೆಟ್ಟಿಲ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಭಾಳ ನೀರು ಕುಡೀತೀಯೇನು?"

ಅರ್ಥ ಆಗಿದ್ದು ಹತ್ತಿಮತ್ತೂರಿಗೆ ಹೋದಾಗ. ಮೊದಲ ಮನೆಯ ಕಟ್ಟೆಯ ಮೇಲೆ ಕೂತವರೇ ಫಾರಂ ತೆಗೆಯಲಿಲ್ಲ, ಹೆಸರು ಕೇಳಲಿಲ್ಲ. "ತಂಗೀ, ಒಂದು ಚರಿಗಿ ನೀರು ಕೊಡವಾ" ಅಂದರು. ಮನೆಯಾಕೆ ತಂದುಕೊಟ್ಟಳು, ಇವರು ಅರ್ಧ ಕುಡಿದು ಚರಿಗೆ ವಾಪಸು ಕೊಟ್ಟರು. ಆಮೇಲೆ ಕೇಳಿದರು, "ಏನು ಕೆಲಸ ಮಾಡ್ತೀರಿ?"

"ಏನೂ ಇಲ್ಲರಿ. ಮನ್ಯಾಗ ಇರ್ತೇನಿ."

"ಹಂಗಾರ ಉಗುರು ಯಾಕ ಹಸರಾಗ್ಯಾವ?"

ಆಕೆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಕ್ಕಳು. ಬೀಜದ ಹತ್ತಿಯ ಹೊಲದಲ್ಲಿ ಕ್ರಾಸಿಂಗಿಗೆ ಹೋಗುತ್ತಿದ್ದಳಂತೆ. ಸಂಜೆ ಮೊಗ್ಗು ಬಿಡಿಸುವುದು, ಬೆಳಿಗ್ಗೆ ಒಂದು ಹೂವಿನ ಪುಡಿಯನ್ನು ಇನ್ನೊಂದಕ್ಕೆ ಮುಟ್ಟಿಸುವುದು. ಎರಡು ತಿಂಗಳಿಂದ ಒಂದು ದಿನ ತಪ್ಪಿಸಿರಲಿಲ್ಲ. ಕೇಳಿದರೆ ಮಾತ್ರ ಮನೆಯಲ್ಲಿ ಇರುತ್ತೇನೆ ಎಂಬ ಉತ್ತರ.

ಹೊರಗೆ ಬಂದು ನನಗೆ ಹೇಳಿದರು. "ಮೊದಲು ನೀರು ಕೇಳು. ನೀರು ಕೊಡೋವಾಗ ಕೈ ಕಾಣ್ತದ. ಬಾಯಿ ನಾಚಿಕೊಂಡು ಸುಳ್ಳು ಹೇಳ್ತದ, ಕೈಗೆ ಆ ಬುದ್ಧಿ ಇಲ್ಲ." ಸವಣೂರಿನಲ್ಲಿ ವೀಳ್ಯದೆಲೆ ಎಣಿಸಿ ಕಟ್ಟುವವರ ಬೆರಳ ತುದಿ ಕಪ್ಪಾಗಿರುತ್ತದೆ. ತಿಳವಳ್ಳಿಯ ಕಡೆ ಭತ್ತ ನಾಟಿ ಮಾಡುವವರ ಬೆರಳಸಂದಿ ಕೆಸರಿನಲ್ಲಿ ಬೆಂದಿರುತ್ತದೆ. ಗೋವಿನಜೋಳ ಬಿಡಿಸುವವರ ಹೆಬ್ಬೆರಳ ಬುಡ ಗಟ್ಟಿಯಾಗಿರುತ್ತದೆ. ಇದೆಲ್ಲ ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದಲ್ಲ. ಹತ್ತು ಮನೆ ಮುಗಿಯುವಷ್ಟರಲ್ಲಿ ಅವರ ಹೊಟ್ಟೆಯಲ್ಲಿ ನೀರು ಕುಲುಕುವ ಸದ್ದು ನನಗೇ ಕೇಳಿಸುತ್ತಿತ್ತು.

ಅವರದು ಸವಣೂರಿನ ಆಚಾರರ ಮನೆತನ. ಮನೆಯಲ್ಲಿ ಅಜ್ಜನ ಕಾಲದ ಪೋಥಿಗಳು, ಮಡಿ, ತಾಯಿಯ ಏಕಾದಶಿ. ಹೊರಗೆ ಬಂದರೆ ಯಾವ ಓಣಿಯ ಯಾವ ಮನೆಯ ಚರಿಗೆಯಾದರೂ ಸರಿ, ಎತ್ತಿ ಕುಡಿಯುತ್ತಿದ್ದರು. "ನಮ್ಮ ಅವ್ವನ ಮುಂದ ಹೇಳಬ್ಯಾಡ ಮತ್ತ" ಎಂದು ಕಣ್ಣು ಮಿಟುಕಿಸುತ್ತಿದ್ದರು. ಅವರನ್ನು ದೊಡ್ಡವರು ಎಂದು ನಾನು ನಂಬಿದ್ದು ಅಲ್ಲಿಂದ.

ಮಾತಿನಲ್ಲಿ ಅವರನ್ನು ಹಿಡಿಯುವವರು ಇರಲಿಲ್ಲ. ಅದೇ ಹತ್ತಿಮತ್ತೂರಿನಲ್ಲಿ ಒಬ್ಬ ಅಪ್ಪ, ಡಿಗ್ರಿ ಮುಗಿಸಿ ಮೂರು ವರ್ಷದಿಂದ ಪರೀಕ್ಷೆಗಳಿಗೆ ಓದುತ್ತಿದ್ದ ಮಗನನ್ನು ತೋರಿಸಿ, "ಇಂವಾ ಖಾಲಿ ಅದಾನ್ರಿ, ಹಂಗ ಬರ್ಕೋರಿ" ಅಂದ. ಮಗ ತಲೆ ಎತ್ತಲಿಲ್ಲ. ಇವರು ಪೆನ್ನು ಕೆಳಗಿಟ್ಟು, "ಖಾಲಿ ಅನ್ನಲಿಕ್ಕೆ ಅವನೇನು ಕೊಡಾ ಏನ್ರಿ? ನನ್ನ ಫಾರಂದಾಗ ಖಾಲಿ ಅನ್ನೋ ಕಾಲಂ ಇಲ್ಲ. ಕೆಲಸ ಹುಡುಕಲಿಕ್ಕತ್ತಾನ ಅನ್ನೋದು ಅದ" ಅಂದರು. ನಾವು ಹೊರಡುವಾಗ ಆ ಮಗ ಬಸ್ ಸ್ಟ್ಯಾಂಡಿನ ತನಕ ನಮ್ಮ ಜೊತೆ ನಡೆದು ಬಂದ. 

ಹಿರೇಬೆಂಡಿಗೇರಿಯಲ್ಲಿ ದೊಡ್ಡ ಹಿಡುವಳಿಯ ಗೌಡರೊಬ್ಬರು ಚಹಾ ಕೊಟ್ಟು, "ನಮ್ಮಲ್ಲಿ ಹೆಣ್ಣಾಳು ಗಂಡಾಳು ಅಂತ ಭೇದ ಇಲ್ಲರಿ, ಎಲ್ಲಾರಿಗೂ ಒಂದ ಕೂಲಿ" ಎಂದು ಬರೆಸಲು ನೋಡಿದರು. ಇವರು ನೀರು ಕೇಳಿಕೊಂಡು ಹಿತ್ತಲಿಗೆ ಹೋದರು, ಅಲ್ಲಿ ಜೋಳ ಹಸನು ಮಾಡುತ್ತಿದ್ದ ಹೆಂಗಸರ ಜೊತೆ ಮಾತಾಡಿ ಬಂದು ಬೇರೆ ಅಂಕಿ ಬರೆದರು. ಗೌಡರಿಗೆ ಸಿಟ್ಟು ಬಂತು. "ಮಾಸ್ತರ, ನಾ ಹೇಳಿದ್ದ ಬರೀರಿ."

"ಕೊಟ್ಟದ್ದು ನೀವು ಹೇಳಿದ್ರಿ. ತಗೊಂಡದ್ದು ಅವರು ಹೇಳಿದ್ರು. ನನ್ನ ಕಡೆ ತಗೊಂಡದ್ದರ ಕಾಲಂ ಅಷ್ಟ ಅದ."

ಕೂಲಿ ಎತ್ತ ಏರುತ್ತಿದೆ ಎಂದು ತಿಳಿಯಲು ಅವರಿಗೆ ವರದಿ ಬೇಕಿರಲಿಲ್ಲ. ಬೆಳಿಗ್ಗೆ ಹಾನಗಲ್ಲಿನ ಸರ್ಕಲ್ಲಿನಲ್ಲಿ ಚಹಾ ಕುಡಿಯುತ್ತ ಟೆಂಪೋಗಳನ್ನು ನೋಡುತ್ತಿದ್ದರು. ಹೆಂಗಸರನ್ನು ತುಂಬಿಕೊಂಡ ಟೆಂಪೋಗಳು ಹಿರೇಕೆರೂರಿನ ಕಡೆ ತಿರುಗಿದರೆ ಅಲ್ಲಿ ಬೀಜದ ಹೊಲಗಳಲ್ಲಿ ಹೆಚ್ಚು ಕೊಡುತ್ತಿದ್ದಾರೆ ಎಂದು ಅರ್ಥ. ಖಾಲಿ ನಿಂತರೆ ಮಳೆ ತಪ್ಪಿದೆ ಅಥವಾ ಯಂತ್ರ ಬಂದಿದೆ. "ಈ ಸಲ ಶಿಗ್ಗಾಂವಿ ಕಡೆಗೂ ಹೊಂಟಾವ ನೋಡು" ಅನ್ನುತ್ತಿದ್ದರು. ಆರು ತಿಂಗಳ ಮೇಲೆ ಕಚೇರಿಯ ವರದಿಯಲ್ಲಿ ಅದೇ ಮಾತು ಬಂದು ಕೂರುತ್ತಿತ್ತು. ಇಂಥವರ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ ಎಂದು ಊರ ತುಂಬ ಹೇಳಿಕೊಂಡು ತಿರುಗಿದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅವರು ಒಂದು ಜಾತಿಯ ಜನರನ್ನು ಮಾತ್ರ ತೀರ ಹೀಗಳೆಯುತ್ತಿದ್ದರು. ಅದು ಕುಂತು ಬರೆಯುವವರ ಜಾತಿ. ನಮ್ಮ ಫಾರಮ್ಮಿನ ಗುಟ್ಟು ಅದನ್ನು ತುಂಬುವವರಿಗಷ್ಟೇ ಗೊತ್ತು. ಹೆಂಗಸಿಗೆ ಕೆಲಸ ಇದೆ ಎಂದು ಬರೆದರೆ ಮುಂದೆ ನಾಲ್ಕು ಹಾಳೆ ತುಂಬಬೇಕು. ಯಾರ ಹೊಲ, ಎಷ್ಟು ದಿನ, ಎಷ್ಟು ತಾಸು, ಎಷ್ಟು ಕೂಲಿ, ಕೈಗೆ ಬಂತೋ ಇಲ್ಲವೋ. ಅದೇ 'ಮನೆವಾರ್ತೆ' ಎಂದು ಬರೆದರೆ ಒಂದೇ ಗೆರೆಯಲ್ಲಿ ಆಕೆ ಮುಗಿದುಹೋಗುತ್ತಾಳೆ. "ಮನ್ಯಾಗ ಕುಂತು ಬರೆಯೋರು ಇದ್ದಾರ. ಊರ ತುಂಬ ಹೆಂಗಸರನ್ನ ಮನೆವಾರ್ತಿಗೆ ಹಾಕಿ ಬಿಡ್ತಾರ, ಕೆಲಸ ಹಗುರಾಗ್ತದ. ಆಮ್ಯಾಲ ಮ್ಯಾಲಿನವರು ಭಾಷಣ ಮಾಡ್ತಾರ, ಈ ಭಾಗದ ಹೆಂಗಸರು ದುಡಿಯೋದಿಲ್ಲ ಅಂತ." ಇದನ್ನು ಹೇಳುವಾಗ ಅವರ ದನಿ ನಿಜವಾಗಿ ನಡುಗುತ್ತಿತ್ತು. ಆ ನಡುಕ ಸುಳ್ಳು ಎಂದು ಈಗಲೂ ಹೇಳಲಾರೆ.

ಮುಯ್ಯಾಳಿನ ವಿಷಯ ಹೇಳಿಕೊಟ್ಟವರೂ ಅವರೇ. ತಿಳವಳ್ಳಿಯ ಸುತ್ತ ನಾಟಿಯ ಕಾಲದಲ್ಲಿ ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಕೂಲಿ ಇಲ್ಲ, ಕೆಲಸಕ್ಕೆ ಕೆಲಸ ತೀರಿಸುವುದು. ಕೂಲಿ ಇಲ್ಲವಲ್ಲ ಎಂದು ಇವರನ್ನು ಖಾಲಿ ಇದ್ದವರ ಪಟ್ಟಿಗೆ ಹಾಕುವ ತಪ್ಪನ್ನು ಹೊಸಬರು ಮಾಡುತ್ತಾರೆ, ನೀನು ಮಾಡಬೇಡ ಅಂದಿದ್ದರು. ನನಗೆ ಮುಯ್ಯಿ ಗೊತ್ತಿತ್ತು. ನಮ್ಮ ಅವ್ವ ಅದನ್ನು ಮಾಡಿಯೇ ಬೆಳೆದವಳು. ಅದರ ಮರ್ಯಾದೆಯನ್ನೂ ಆಕೆ ಹೇಳುತ್ತಿದ್ದಳು. ಕೂಲಿಯಾಳಿನ ಹಿಂದೆ ನಿಂತು ಸಾಲು ನೋಡಬಹುದು, ಮುಯ್ಯಾಳು ಮಾಡಿದ ಕೆಲಸವನ್ನು ತಿರುಗಿ ನೋಡಬಾರದು. ನೋಡಿದರೆ ಆಕೆಗೆ ಅವಮಾನ ಮಾಡಿದಂತೆ.

ಎರಡನೆಯ ವರ್ಷ ತಿಳವಳ್ಳಿ ನನ್ನ ಪಾಲಿಗೆ ಬಂತು. ಮೊದಲ ಸುತ್ತು ಹೋಗಿ ಮನೆಗಳ ಪಟ್ಟಿ ಮಾಡಿದೆ, ಎಲ್ಲರ ಹೆಸರು ನನ್ನ ಕೈಯಲ್ಲೇ ಫಾರಮ್ಮುಗಳಿಗೆ ಏರಿಸಿದೆ. ಇನ್ನೊಂದು ವಾರದಲ್ಲಿ ಬಂದು ಎಲ್ಲ ಕೇಳುತ್ತೇನೆ ಎಂದು ಪ್ರತಿ ಮನೆಯಲ್ಲೂ ಹೇಳಿ ಬಂದೆ. ಅಷ್ಟರಲ್ಲಿ ಅವ್ವನಿಗೆ ಹುಬ್ಬಳ್ಳಿಯಲ್ಲಿ ಗರ್ಭಕೋಶದ ಆಪರೇಷನ್ ಆಯಿತು. ಹತ್ತು ದಿನ ಆಸ್ಪತ್ರೆ ಬಿಟ್ಟು ಕದಲುವಂತಿರಲಿಲ್ಲ. ಗುತ್ತಿಗೆಯವರಿಗೆ ರಜೆ ಇಲ್ಲ. ಫಾರಂ ವೇಳೆಗೆ ಹೋಗದಿದ್ದರೆ ಮುಂದಿನ ವರ್ಷ ಕರೆಯುವುದಿಲ್ಲ, ಇದು ಎಲ್ಲರಿಗೂ ಗೊತ್ತಿದ್ದ ಮಾತು.

ಅವರು ಆಸ್ಪತ್ರೆಗೇ ಬಂದರು, ಎರಡು ಎಳನೀರು ಹಿಡಿದುಕೊಂಡು. ಅವ್ವನ ಮಂಚದ ಪಕ್ಕ ನಿಂತು ಅಂದರು, "ತಿಳವಳ್ಳಿ ನಾ ಮುಗಸ್ತೇನಿ. ನೀ ತಾಯೀನ್ನ ನೋಡಿಕೋ. ಮುಯ್ಯಿ ಅಂತ ತಿಳಿ, ಮುಂದ ಎಂದರ ತೀರಿಸೀಯಂತ." ಅವ್ವ ಮಲಗಿದಲ್ಲೇ ಕೈ ಮುಗಿದಳು. ನಾನು ಅತ್ತುಬಿಟ್ಟೆ.

ಹನ್ನೆರಡನೆಯ ದಿನ ಫಾರಮ್ಮುಗಳ ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟರು. ಒಳಗಿನ ಉತ್ತರಗಳೆಲ್ಲ ಚೌಕಗಳಲ್ಲಿ ಬರೆದ ಅಂಕಿಗಳು. ಪ್ರತಿ ಹಾಳೆಯ ಕೆಳಗೆ ನನ್ನ ಸಹಿ ಬೇಕಿತ್ತು, ಹಾಕಿದೆ. ಒಂದನ್ನೂ ಓದಿ ನೋಡಲಿಲ್ಲ. ಮುಯ್ಯಾಳಿನ ಕೆಲಸವನ್ನು ತಿರುಗಿ ನೋಡುವವಳು ನಾನಲ್ಲ.

ನಮ್ಮ ಸಮೀಕ್ಷೆಯಲ್ಲಿ ಮೂರು ತಿಂಗಳ ನಂತರ ಅದೇ ಮನೆಗಳಿಗೆ ಮತ್ತೆ ಹೋಗಬೇಕು. ಹೋದ ಸಲದ ಫಾರಂ ಕೈಯಲ್ಲಿ ಹಿಡಿದು, ಏನು ಬದಲಾಯಿತು ಎಂದು ಕೇಳುವುದು. ನಾನು ತಿಳವಳ್ಳಿಗೆ ಹೋದೆ. ಮೊದಲ ಮನೆಯ ಗಿರಿಜವ್ವ ಬಾಗಿಲಲ್ಲೇ ಗುರುತು ಹಿಡಿದಳು.

"ಈಗ ಬಂದ್ಯಾ? ಒಂದು ವಾರದಾಗ ಬರ್ತೇನಿ ಅಂದಾಕಿ."

ನನ್ನ ಬದಲು ಸರ್ ಬಂದಿದ್ದರಲ್ಲ ಅಂದೆ. ಎತ್ತರದವರು, ಕನ್ನಡಕ ಹಾಕಿದವರು, ನೀರು ಕೇಳಿರಬೇಕು ಅಂದೆ.

"ಯಾರೂ ಬಂದಿಲ್ಲವಾ. ನಾವು ಎರಡು ದಿನ ಕೂಲಿಗೆ ಹೋಗದ ನಿನ್ನ ದಾರಿ ನೋಡಿದ್ವಿ. ನಮ್ಮ ಕೂಲಿ ಬರ್ಕೊಂಡು ಹೋಗ್ತಾರ, ಏನರ ಆದೀತು ಅಂತ."

ನೀರು ತಂದುಕೊಟ್ಟಳು. ಕೈಯ ಬೆರಳಸಂದಿಗಳು ಬೆಳ್ಳಗೆ ಬೆಂದಿದ್ದವು. ಶುಂಠಿ ಹೊಲಕ್ಕೆ ಹೋಗುತ್ತಿದ್ದಳು, ನಾಟಿಗೆ ಮುಯ್ಯಿ ಹೋಗಿದ್ದಳು. ನಾನು ಆಗ ಫಾರಂ ತೆರೆದೆ. ಗಿರಿಜವ್ವ, ಮನೆವಾರ್ತೆಯ ಅಂಕಿ, ಒಂದು ಗೆರೆ. ಆಕೆಯ ಸೊಸೆ, ಮನೆವಾರ್ತೆ. ಎರಡನೆಯ ಮನೆ ತೆರೆದೆ, ಮೂರನೆಯದು ತೆರೆದೆ. ಅಲ್ಲೇ ಕಟ್ಟೆಯ ಮೇಲೆ ಕೂತು ಕಟ್ಟೆಲ್ಲ ತಿರುವಿ ಹಾಕಿದೆ. ತಿಳವಳ್ಳಿಯ ಅಷ್ಟೂ ಮನೆಗಳ ಅಷ್ಟೂ ಹೆಂಗಸರು ಮನೆವಾರ್ತೆ. ಎರಡು ವರ್ಷದ ಹಿಂದೆ ಗೋವೆಗೆ ಹೋಗಿ ನೆಲೆಸಿದ್ದ ಒಬ್ಬ ಗಂಡಸು ಫಾರಮ್ಮಿನಲ್ಲಿ ವಾರಕ್ಕೆ ಆರು ದಿನ ಊರಲ್ಲೇ ಕೂಲಿ ಮಾಡುತ್ತಿದ್ದ. ಪ್ರತಿ ಹಾಳೆಯ ಕೆಳಗೂ ನನ್ನ ದುಂಡನೆಯ ಸಹಿ.

ಆ ಮಧ್ಯಾಹ್ನವೇ ಸವಣೂರಿಗೆ ಬಸ್ ಹತ್ತಿದೆ. ಅವರು ಮನೆಯ ಪಡಸಾಲೆಯಲ್ಲಿ ಮೇಜಿನ ಮುಂದೆ ಕೂತಿದ್ದರು. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದರು, ಎದುರಿಗೆ ಫಾರಮ್ಮುಗಳ ಕಟ್ಟು, ಹಿರೇಕೆರೂರಿನದು. ಆ ಊರಿಗೆ ಅವತ್ತು ಅವರು ಹೋಗಿರಬೇಕಿತ್ತು.  "ಸರ್, ಮೊದಲ ನೀರು ಕೊಡ್ರಿ" ಅಂದೆ.

ಅವರೇ ಎದ್ದು ಕುಂಟುತ್ತ ಹೋಗಿ ಲೋಟದಲ್ಲಿ ತಂದರು. ಕೈ ನೋಡಿದೆ. ನಡುಬೆರಳಿನ ಮೇಲೆ ಮಸಿಯ ಕಲೆ, ಅಷ್ಟೇ. ನಾನು ನೋಡುತ್ತಿದ್ದೇನೆ ಎಂದು ಅವರಿಗೆ ತಿಳಿಯಿತು. ಲೋಟ ಕೊಟ್ಟು ಕೈಯನ್ನು ಪಂಚೆಗೆ ಒರೆಸಿಕೊಂಡರು.

"ವರ್ಷ ಆತು ಕಾಲು ಹೋಗಿ," ಅಂದರು. "ಇಪ್ಪತ್ತೆಂಟು ವರ್ಷ ನಡೆದೇನಿ. ಯಾವ ಮನ್ಯಾಗ ಏನು ಉತ್ತರ ಬರ್ತದ ಅಂತ ನನಗ ಇಲ್ಲೇ ಕುಂತು ಗೊತ್ತಾಗ್ತದ."

"ಗಿರಿಜವ್ವ ಮನೆವಾರ್ತಿ ಅಂತ ಗೊತ್ತಾಯ್ತೇನ್ರಿ ಸರ್?"

ಅವರು ಕುಂಟುತ್ತ ಹೋಗಿ ಮತ್ತೆ ಮೇಜಿನ ಮುಂದೆ ಕೂತರು. "ಹೋದ ಸಲದ್ದನ್ನ ಹಂಗ ಮುಂದುವರಿಸು. ಏನೂ ಬದಲಿ ಇಲ್ಲ ಅಂತ ಬರಿ. ಮುಯ್ಯಿ ತೀರ್ತದ" ಅಂದರು. ನಾನು ಲೋಟವನ್ನು ಮೇಜಿನ ಮೇಲಿಟ್ಟೆ. ಆಗ ಫಾರಮ್ಮುಗಳ ಕಡೆ ನೋಡುತ್ತ ಮೆಲ್ಲಗೆ ಹೇಳಿದರು, "ಸಹಿ ನಿಂದದ ನೋಡು."

ಮನುಷ್ಯನಿಗೆ ಕಾಲು ನೋಯುತ್ತದೆ. ನಡೆಯಲಾಗುವುದಿಲ್ಲ, ಸುಳ್ಳು ಬರೆಯುತ್ತಾನೆ. ಅಷ್ಟಾಗಿದ್ದರೆ ಇಷ್ಟು ಹೊತ್ತಿಗೆ ನಾನು ಮರೆತಿರುತ್ತಿದ್ದೆ. ಮರುದಿನದಿಂದ ನಾನು ತಿಳವಳ್ಳಿಯಲ್ಲಿ ಪ್ರತಿ ಮನೆಯಲ್ಲಿ ನೀರು ಕುಡಿದೆ, ಇದ್ದದ್ದನ್ನು ಇದ್ದ ಹಾಗೆ ಬರೆದೆ. ಪ್ರತಿ ಹೆಂಗಸಿಗೆ ನಾಲ್ಕು ನಾಲ್ಕು ಹಾಳೆ. ಹಳೆಯ ಫಾರಮ್ಮಿನ ಬಗ್ಗೆ ಯಾರಿಗೂ ಏನೂ ಹೇಳಲಿಲ್ಲ. ಅವರ ನಿವೃತ್ತಿಗೆ ಎರಡೇ ವರ್ಷ ಇತ್ತು, ಅವರ ಹೆಸರು ಕೆಡಿಸುವ ಮನಸ್ಸಿರಲಿಲ್ಲ. ಹೊಸದು ಸರಿಯಾದರೆ ಹಳೆಯದನ್ನು ಯಾರು ಕೆದಕುತ್ತಾರೆ ಎಂಬ ಪೆದ್ದು ಲೆಕ್ಕಾಚಾರ ನನ್ನದು.

ಕಚೇರಿಯಲ್ಲಿ ಕೆದಕಿದರು. ಮೂರು ತಿಂಗಳ ಹಿಂದೆ ಊರಲ್ಲಿ ಒಬ್ಬ ಹೆಂಗಸೂ ದುಡಿಯುತ್ತಿರಲಿಲ್ಲ, ಈಗ ಎಲ್ಲರೂ ದುಡಿಯುತ್ತಿದ್ದಾರೆ, ಇದು ಹೇಗೆ ಎಂದು ಸಾಹೇಬರು ಮೀಟಿಂಗಿನಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು. ಎರಡೂ ಫಾರಂ ಪಕ್ಕಪಕ್ಕ ಇಟ್ಟಿದ್ದರು. ನಾನು ನಮ್ಮ ಸರ್ ಕಡೆ ನೋಡಿದೆ. ಅವರು ಹೇಳಲಿ ಎಂದು ಕಾದೆ. ಸಾಹೇಬರೂ ಅವರ ಕಡೆಯೇ ತಿರುಗಿ, "ನೀವು ಹಿರಿಯರು, ಏನಾಗಿರಬಹುದು ಇದು?" ಅಂದರು.

ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಹೊಸಬಳು. ತಾಯಿಗೆ ಆರಾಮ ಇದ್ದಿಲ್ಲ ಆಗ. ಮೊದಲ ಸಲದ್ದು ಮನ್ಯಾಗ ಕುಂತು ಬರೆದಿರಬೇಕು."

 ಅವರು ಜೀವಮಾನವಿಡೀ ಬೈದ ಜಾತಿಗೆ ನನ್ನನ್ನು ಸೇರಿಸಿದ್ದರು, ಅದೇ ಮಾತಿನಲ್ಲಿ. "ಅವು ಸರ್ ತುಂಬಿದ್ದು" ಎಂದು ನಾನು ಅಂದದ್ದು ನನಗೇ ಸುಳ್ಳಿನಂತೆ ಕೇಳಿಸಿತು. ಹೆಸರುಗಳು ನನ್ನ ಬರಹ, ಸಹಿ ನನ್ನದು. ಚೌಕದೊಳಗಿನ ಅಂಕಿ ಯಾರ ಕೈಯದು ಎಂದು ಯಾರು ನೋಡುತ್ತಾರೆ. ಸಾಹೇಬರು ನೋಡಲಿಲ್ಲ. ಇನ್ನಷ್ಟು ಕೆಟ್ಟದ್ದು ಆಮೇಲೆ ಗೊತ್ತಾಯಿತು. ಎರಡನೆಯ ಫಾರಮ್ಮಿನ ಮೇಲೆ ನಂಬಿಕೆ ಇಲ್ಲ ಎಂದು ಬದಿಗಿಟ್ಟರು, ಮೊದಲನೆಯದು ಆಗಲೇ ಮೇಲಿನವರಿಗೆ ಹೋಗಿತ್ತು ಎಂದು ಅದನ್ನೇ ಉಳಿಸಿಕೊಂಡರು. ವರದಿಯಲ್ಲಿ ಗಿರಿಜವ್ವ ಇವತ್ತಿಗೂ ಮನೆಯಲ್ಲಿ ಇದ್ದಾಳೆ.

ಮೆಟ್ಟಿಲ ಮೇಲೆ, ಮೊದಲ ದಿನ ನೀರಿನ ಪ್ರಶ್ನೆ ಕೇಳಿದ ಅದೇ ಮೆಟ್ಟಿಲ ಮೇಲೆ, ಅವರು ನನ್ನನ್ನು ತಡೆದು ನಿಲ್ಲಿಸಿದರು. "ನಿನಗ ವಯಸ್ಸದ," ಅಂದರು. "ಎಲ್ಲೆರ ಸಿಗ್ತದ." ನಾನು ಅವರ ಕಾಲು ನೋಡುತ್ತ ಇಳಿದೆ. ಮುಂದಿನ ವರ್ಷ ನನ್ನನ್ನು ಕರೆಯಲಿಲ್ಲ. ಕುಂತು ಬರೆದವಳು ಎಂಬ ಹೆಸರು ನನಗಿಂತ ಮುಂಚೆ ಎಲ್ಲ ಕಚೇರಿಗಳಿಗೆ ಹೋಗಿ ಕೂತಿತ್ತು. ವಯಸ್ಸಿತ್ತು, ಕೆಲಸ ಸಿಗಲಿಲ್ಲ. ಅವ್ವ ಮಾತ್ರ ಇನ್ನೂ ಅವರು ತಂದ ಎಳನೀರಿನ ಮಾತಾಡುತ್ತಾಳೆ. ನಾನು ಆಕೆಗೆ ಪೂರ್ತಿ ಹೇಳಿಲ್ಲ.

ಶಾಲಿನ ಫೋಟೊ ಬಂದ ಒಂದು ವಾರಕ್ಕೆ ನಮ್ಮ ಓಣಿಗೆ ಸಮೀಕ್ಷೆಯವಳು ಬಂದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು. ಬಿಸಿಲಿಗೆ ಮುಖ ಬಾಡಿತ್ತು. ಹೊಸ್ತಿಲ ಹೊರಗೆ ನಿಂತೇ ಹೆಸರು, ವಯಸ್ಸು, ಓದು ಕೇಳಿದಳು. ನನ್ನ ಡಿಗ್ರಿ ಕೇಳಿ ಒಮ್ಮೆ ತಲೆ ಎತ್ತಿ, ಮತ್ತೆ ಬೆರಳು ಟ್ಯಾಬಿನ ಮೇಲಿಟ್ಟು, "ಮನೆವಾರ್ತಿ ಅಲ್ರಿ?" ಅಂದಳು.

ಹೂಂ ಅಂದುಬಿಡಬಹುದಿತ್ತು. ಆಕೆಯ ಕೆಲಸವೂ ಹಗುರಾಗುತ್ತಿತ್ತು, ನನ್ನ ನಾಚಿಕೆಯೂ ತಪ್ಪುತ್ತಿತ್ತು. "ಒಳಗ ಬರ್ರಿ, ಕುಂದ್ರಿ. ನೀರು ಕೇಳ್ರಿ ಮೊದಲ" ಅಂದೆ.

"ಬ್ಯಾಡ್ರಿ, ಈಗ ಕುಡದೇನಿ."

"ಕುಡೀದಿದ್ರೂ ಚಿಂತಿಲ್ಲ, ಕೇಳ್ರಿ."

ಆಕೆ ವಿಚಿತ್ರವಾಗಿ ನೋಡಿ ನೀರು ಕೇಳಿದಳು. ನಾನು ಚರಿಗೆ ತಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ತೊಟ್ಟು ಮುರಿದು ಮುರಿದು ಬೆರಳುಗಳು ಕೆಂಪಗೆ ಊದಿದ್ದವು, ಉಗುರಿನ ಸುತ್ತ ಚರ್ಮ ಸುಲಿದಿತ್ತು. ಆಕೆ ಚರಿಗೆಯನ್ನು ತಕ್ಷಣ ತೆಗೆದುಕೊಳ್ಳಲಿಲ್ಲ. ನನ್ನ ಕೈ ನೋಡಿದಳು, ಮೂಲೆಯಲ್ಲಿದ್ದ ಚೀಲ ನೋಡಿದಳು, ಆಮೇಲೆ ಕೂತಳು.

"ನಿನ್ನೆ ಏನ್ ಮಾಡಿದ್ರಿ ಅಂತ ಕೇಳ್ರಿ ಈಗ," ಅಂದೆ. "ಆಮ್ಯಾಲ ಮೊನ್ನೆದು. ಹಂಗ ಏಳು ದಿನ ಹಿಂದಕ ಹೋಗ್ರಿ."

ಕೇಳಿದಳು. ನಾನು ಹೇಳಿದೆ. ಟ್ಯಾಬಿನಿಂದ ಕಣ್ಣೆತ್ತಿ ಆಕೆ ಅಂದಳು, "ಈ ನೀರು ಕೇಳೂದು ಛಲೋ ಐತ್ರೀ. ಯಾರು ಕಲಿಸಿದ್ರಿ ನಿಮಗ?"

ಹೆಸರು ಬಾಯಿಯ ತನಕ ಬಂತು. ಅಲ್ಲಿಂದ ಹೊರಗೆ ತರಲು ನನ್ನಿಂದ ಆಗಲಿಲ್ಲ. ಇಲ್ಲಿ ಬರೆಯಲೂ ಆಗಿಲ್ಲ. ಟ್ಯಾಬಿನಲ್ಲಿ ಹಾಳೆ ಇರುವುದಿಲ್ಲ ಎಂದು ಗೊತ್ತಿದ್ದೂ ಆಕೆಗೆ ಹೇಳಿದೆ, "ಅದು ಬಿಡ್ರಿ. ಬರ್ಕೋರಿ, ಮುಂದ ಇನ್ನಾ ನಾಲ್ಕು ಹಾಳಿ ಅದಾವ."